ನಾದಿನಿಯ ಮಾತು

ಹಿಂದಿನ ಸಾಲಿನಲ್ಲಿ ಕುಳಿತಿದ್ದವರೊಬ್ಬರು ಮತ್ತೆ ಕಂಪ್ಯೂಟರಿನ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಅವಳು ಮೇಜುಗಳ ನಡುವೆ ನಡೆದು ಹತ್ತಿರ ಬಂದಾಗಲೆಲ್ಲ ಹೀಗೇ ಮಾಡುತ್ತಿದ್ದರು.

"ಎಲ್ಲಾ ಸರಿಯಾಗಿ ಬರ್ತಿದೆಯಾ ಸರ್?"

"ಬರ್ತಿದೆ ಮೇಡಂ. ನೀವು ಅವರನ್ನ ನೋಡಿ," ಎಂದು ಮುಂದಿನ ಸಾಲಿನ ಕಡೆ ಗಲ್ಲ ಎತ್ತಿ ತೋರಿಸಿದರು.

ಭೂಕಂಪವೋ ಬಿರುಗಾಳಿಯೋ ಬಂದರೆ ಒಂದು ಕಟ್ಟಡದ ಗತಿ ಏನಾದೀತು ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಬೇರೆ ಬೇರೆ ಕಾಲೇಜುಗಳಿಂದ ಬರುವ ಸಂಶೋಧಕರಿಗೆ ಅದನ್ನು ಕಲಿಸುವುದು ಅವಳ ಕೆಲಸ. ಅಭ್ಯಾಸಕ್ಕೆಂದು ಎಲ್ಲರಿಗೂ ಮೂರು ಮಹಡಿಯ ಒಂದು ಕಟ್ಟಡ ಕೊಟ್ಟಿದ್ದಳು. ಅದರ ಬುಡಕ್ಕೆ ಹಿಂದೆಂದೋ ಆದ ಭೂಕಂಪದ ದಾಖಲೆ ಜೋಡಿಸಿದರೆ, ಲೆಕ್ಕ ಪಕ್ಕದ ಕೋಣೆಯ ದೊಡ್ಡ ಯಂತ್ರಕ್ಕೆ ಹೋಗಿ, ಸರತಿಯಲ್ಲಿ ಕಾದು, ಮರಳಿ ಬರುತ್ತಿತ್ತು. ಆಗ ಪರದೆಯ ಮೇಲೆ ಕಟ್ಟಡ ತೂಗಾಡುತ್ತಿತ್ತು. ಮೊದಲ ಸಲ ಅದನ್ನು ಕಂಡಾಗ ದೊಡ್ಡ ದೊಡ್ಡ ಪದವಿಯವರೂ ಮಕ್ಕಳಂತೆ ಕುರ್ಚಿ ಎಳೆದುಕೊಂಡು ಮುಂದೆ ಬಾಗುತ್ತಿದ್ದರು. ಹಿಂದಿನ ಸಾಲಿನವರು ಮಾತ್ರ ಬಾಗಲಿಲ್ಲ. ಐವತ್ತು ದಾಟಿದ ಮನುಷ್ಯ. ಪರದೆಗಿಂತ ಹೆಚ್ಚಾಗಿ ಅವಳನ್ನೇ ನೋಡುತ್ತಿದ್ದರು.

ಬೆಳಿಗ್ಗೆ ಅವರು ಕೇಳಿದ ಪ್ರಶ್ನೆಯೇ ಅವಳ ತಲೆಯಲ್ಲಿ ಹುಳ ಬಿಟ್ಟಿತ್ತು.

"ಮೇಡಂ, ಈ ಡ್ಯಾಂಪಿಂಗ್ ಅನ್ನೋ ಸಂಖ್ಯೆನ ನಮಗೆ ಬೇಕಾದಷ್ಟು ಏರಿಸಬಹುದಾ?"

ತೂಗಾಟ ತಾನಾಗಿಯೇ ಎಷ್ಟು ಬೇಗ ತಣಿಯುತ್ತದೆ ಎಂದು ಹೇಳುವ ಸಂಖ್ಯೆ ಅದು. ಹೆಚ್ಚಿಟ್ಟಷ್ಟೂ ಪರದೆಯ ಮೇಲಿನ ಕಟ್ಟಡ ಸಾಧುವಾಗುತ್ತದೆ.

"ಏರಿಸಬಹುದು. ಆದರೆ ನಿಜವಾದ ಕಟ್ಟಡ ನಿಮ್ಮ ಮಾತು ಕೇಳಲ್ಲ," ಎಂದಿದ್ದಳು. ತರಗತಿ ನಕ್ಕಿತ್ತು.

"ಕಟ್ಟಡ ಕೇಳದಿದ್ರೂ ಜನ ಕೇಳ್ತಾರಲ್ಲ. ಏರಿಸಿದ್ದು ಯಾರಿಗಾದ್ರೂ ಗೊತ್ತಾಗುತ್ತಾ?"

"ಹುಡುಕಿದವರಿಗೆ ಗೊತ್ತಾಗುತ್ತೆ."

ಅವರು ನಕ್ಕಿರಲಿಲ್ಲ.

ಇಂಥವರನ್ನು ಅವಳು ಹಿಂದೆಯೂ ಕಂಡಿದ್ದಳು. ಕಾಲೇಜಿನ ಹೆಸರು ಹೇಳಿಕೊಂಡು ಬಂದು, ಕೊಳೆತ ಕಟ್ಟಡವನ್ನು ಕಾಗದದ ಮೇಲೆ ಗಟ್ಟಿ ಮಾಡುವ ವಿದ್ಯೆ ಕಲಿತು ಹೋದವನೊಬ್ಬನಿದ್ದ. ಚಹಾದ ಬಿಡುವಿನಲ್ಲಿ ಮೆಟ್ಟಿಲ ಬಳಿ ಹಾದುಹೋಗುವಾಗ ಈ ಮನುಷ್ಯ ಫೋನಿನಲ್ಲಿ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಇಲ್ಲ, ಆಕೆಗೆ ಇನ್ನೂ ಗೊತ್ತಾಗಿಲ್ಲ. ಸಂಜೆಯೊಳಗೆ ತಿಳ್ಕೊಂಡು ಬರ್ತೀನಿ." ಅವಳನ್ನು ಕಂಡದ್ದೇ ಫೋನು ಜೇಬಿಗೆ ಹೋಯಿತು. ಅವರು ಗೋಡೆಯ ಮೇಲಿದ್ದ, ಬೆಂಕಿ ಬಿದ್ದಾಗ ಏನು ಮಾಡಬೇಕೆಂಬ ಸೂಚನೆಯನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು.

ಊಟದ ಹೊತ್ತಿಗೆ ಕೋಣೆ ಖಾಲಿಯಾಯಿತು. ಅವಳು ತನ್ನ ಕಂಪ್ಯೂಟರಿನಲ್ಲಿ ಲೆಕ್ಕಗಳ ಸರತಿಯನ್ನು ತೆರೆದಳು. ಕಲಿಸುವವರಿಗೆ ಎಲ್ಲರ ಲೆಕ್ಕವೂ ಕಾಣುತ್ತದೆ. ಎಲ್ಲರದೂ ಅದೇ ಮೂರು ಮಹಡಿ. ಹಿಂದಿನ ಸಾಲಿನವರದು ಮಾತ್ರ ಬೇರೆ. ಒಂದೇ ಕಟ್ಟಡವನ್ನು ಮತ್ತೆ ಮತ್ತೆ ಅಲುಗಿಸಿದ್ದರು, ಪ್ರತಿ ಸಲವೂ ಡ್ಯಾಂಪಿಂಗ್ ಒಂದಿಷ್ಟು ಹೆಚ್ಚಿಸಿ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಅವಳು ಚಿತ್ರ ತೆರೆದಳು.

ಕೆಳಗೆ ಗಾಡಿ ನಿಲ್ಲಿಸಲು ಬರೀ ಕಂಬ, ಮೇಲೆ ಐದು ಮಹಡಿ. ರಸ್ತೆ ತಿರುಗುವ ಕಡೆ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದಂತಿತ್ತು. ಬೆನ್ನ ಹಿಂದಿನಿಂದ ನೋಡಿದರೂ ಬಂಧುಗಳ ನಡಿಗೆ ಗುರುತು ಸಿಗುತ್ತದಲ್ಲ, ಹಾಗೆ ಸಿಕ್ಕಿತು. ಅದು ಅವಳ ಅಕ್ಕ ಇರುವ ಕಟ್ಟಡ.

ಅವಳು ಹೊರಗೆ ಬಂದಾಗ ಆ ಮನುಷ್ಯ ಕಟ್ಟೆಯ ಮೇಲೆ ಒಬ್ಬರೇ ಊಟ ಮಾಡುತ್ತಿದ್ದರು.

"ಯಾವ ಕಂಪನಿ ಕಳಿಸಿದೆ ಸರ್ ನಿಮ್ಮನ್ನ?"

ಅವರು ಡಬ್ಬಿಗೆ ಮುಚ್ಚಳ ಹಾಕಿದರು. "ಅಂದ್ರೆ ನೋಡಿಬಿಟ್ರಿ."

"ಅಲ್ಲಿ ನಮ್ಮಕ್ಕ ಇದ್ದಾಳೆ. ಯಾರಿಗೋಸ್ಕರ ಅದನ್ನ ಸರಿ ಅಂತ ತೋರಿಸೋಕೆ ಹೊರಟಿದ್ದೀರಿ?"

"ತೋರಿಸೋಕಾ?" ಅವರ ದನಿ ಮೊದಲ ಬಾರಿಗೆ ಏರಿತು. "ನಾನು ಅಲ್ಲೇ ಇರೋನು ಮೇಡಂ, ಎರಡನೇ ಮಹಡಿ. ನನ್ನ ಹೆಂಡತಿ ಮಕ್ಕಳು ಅಲ್ಲೇ ಮಲಗೋದು. ಮೂಲೆ ಕಂಬ ಬಿರುಕು ಬಿಟ್ಟಿತ್ತು. ನಾಕು ಜನ ನೋಡೋಷ್ಟರಲ್ಲಿ ಗಾರೆ ಮೆತ್ತಿ ಬಣ್ಣ ಬಳಿಸಿಬಿಟ್ರು. ಕಟ್ಟಡದವರ ಸಂಘದ ಸಭೆಯಲ್ಲಿ ಕೇಳಿದೆ. ಕಾರ್ಯದರ್ಶಿ ಎದ್ದು ನಿಂತು, 'ನಮ್ಮ ನಾದಿನಿ ಇದೇ ಪಾಠ ಮಾಡೋಳು, ಅವಳೇ ಕಂಪ್ಯೂಟರಿಗೆ ಹಾಕಿ ನೋಡಿ ಏನೂ ಆಗಲ್ಲ ಅಂದಿದ್ದಾಳೆ' ಅಂದ್ರು. ಅಲ್ಲಿಗೆ ಎಲ್ಲರ ಬಾಯಿ ಕಟ್ಟಿತು."

ಕಾರ್ಯದರ್ಶಿ ಎಂದರೆ ಭಾವ.

"ನಾನು ಹಾಕಿ ನೋಡೇ ಇಲ್ಲ," ಎಂದಳು.

"ಹಾಗಂತ ನೀವು ಹೇಳ್ತೀರಿ." ಅವರು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. "ನನ್ನ ವಿಷಯ ನದಿ ನೀರು. ಕಂಬದ ವಿಚಾರ ಗೊತ್ತಿಲ್ಲ, ಅದಕ್ಕೇ ಬಂದೆ. ಟೇಪ್ ಹಿಡಿದು ಅಳೆದೆ, ಒಳಗಿನ ಕಬ್ಬಿಣದ ಲೆಕ್ಕ ಹಳೇ ನಕ್ಷೆಯಿಂದ ಹಾಕಿದೆ. ನೀವು ಯಾವ ಸಂಖ್ಯೆ ಇಟ್ಟು ಸರಿ ಅಂದಿರಬಹುದು ಅಂತ ಹುಡುಕ್ತಿದ್ದೆ. ಎಷ್ಟೇರಿಸಿದ್ರೂ ಕಟ್ಟಡ ನಿಲ್ತಾ ಇಲ್ಲ."

ಆಗ ಅವಳಿಗೊಂದು ಭಾನುವಾರ ನೆನಪಾಯಿತು. ಅಕ್ಕನ ಮನೆಯಲ್ಲಿ ಊಟ ಮುಗಿಸಿ ಹೊರಟಾಗ ಭಾವ ಕೆಳಗಿನವರೆಗೂ ಬಂದಿದ್ದರು. ಕಂಬಗಳ ಮೇಲೆ ಹೊಸ ಬಣ್ಣ. "ಹೇಗಿದೆ ನಮ್ಮ ಕಟ್ಟಡ?" ಎಂದಿದ್ದರು. "ಚೆನ್ನಾಗಿದೆ ಭಾವ," ಎಂದಿದ್ದಳು, ಗಾಡಿಯ ಬಾಗಿಲು ತೆಗೆಯುತ್ತಾ.

ಮಧ್ಯಾಹ್ನ ಉಳಿದವರಿಗೆ ಒಂದು ಅಭ್ಯಾಸ ಕೊಟ್ಟು ಅವಳು ಹಿಂದಿನ ಸಾಲಿನಲ್ಲಿ ಕುಳಿತಳು. ತಪ್ಪು ಸಿಗಲಿ ಎಂದೇ ಅವರ ಲೆಕ್ಕವನ್ನು ಜಾಲಾಡಿದಳು. ಸಿಕ್ಕವು, ಅಲ್ಲೊಂದು ಇಲ್ಲೊಂದು. ಎಲ್ಲವನ್ನೂ ತಿದ್ದಿ, ಡ್ಯಾಂಪಿಂಗನ್ನು ಇರಬೇಕಾದಲ್ಲಿಗೆ ಇಳಿಸಿ, ಸರತಿಗೆ ಕಳಿಸಿದಳು. ಮರಳಿ ಬಂದ ಕಟ್ಟಡ ಮೊದಲು ಸುಮ್ಮನೆ ನಿಂತಿತ್ತು. ಆಮೇಲೆ ಮೇಲಿನ ಐದು ಮಹಡಿಗಳು ಒಂದೇ ಪೆಟ್ಟಿಗೆಯಂತೆ ಪಕ್ಕಕ್ಕೆ ಜಾರಿದವು, ಕೆಳಗಿನ ಕಂಬಗಳು ಮಾತ್ರ ಮೊಣಕಾಲು ಮಡಚಿದಂತೆ ಬಾಗಿದವು.

ಸಂಜೆ ಬಾಗಿಲು ತೆಗೆದ ಭಾವನ ಮುಖ ಅರಳಿತು. "ಏನು, ಹೇಳದೆ ಕೇಳದೆ?"

ಅಕ್ಕ ಸೋಫಾದ ಮೇಲೆ ಕಾಲು ಚಾಚಿಕೊಂಡು ಒಗೆದ ಬಟ್ಟೆ ಮಡಚುತ್ತಿದ್ದಳು. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಇನ್ನೂ ಕೋಲು ಬಿಟ್ಟಿರಲಿಲ್ಲ.

"ನಾನು ಕಟ್ಟಡ ನೋಡಿದ್ದೀನಿ ಅಂತ ಸಭೆಯಲ್ಲಿ ಹೇಳಿದ್ರಂತೆ, ಭಾವ."

ಭಾವ ನಕ್ಕರು. "ಸುಳ್ಳೇನು? ನೀನೇ ಚೆನ್ನಾಗಿದೆ ಅಂದೆಯಲ್ಲ."

"ಬಣ್ಣ ಚೆನ್ನಾಗಿದೆ ಅಂದೆ."

"ಯಾರು, ಆ ಎರಡನೇ ಮಹಡಿಯವನು ಬಂದಿದ್ನಾ? ಅವನಿಗೆ ಕಾರ್ಯದರ್ಶಿ ಆಗೋ ಹುಚ್ಚು. ಬಂದಾಗಿಂದ ಒಂದಿಲ್ಲೊಂದು ಕ್ಯಾತೆ. ಅವನು ಅಳೆದದ್ದು, ಅವನು ಹೇಳಿದ್ದು, ಅದನ್ನ ನೀನು ನಂಬ್ತೀಯಾ?" ಅವರು ಎದುರಿಗೆ ಕುಳಿತು ದನಿ ತಗ್ಗಿಸಿದರು. "ಗಾರೆಯಲ್ಲಿ ಒಂದು ಗೆರೆ ಬಿದ್ದಿತ್ತು, ಅಷ್ಟೇ. ಅದಕ್ಕೆ ಎಲ್ಲರೂ ಮನೆ ಖಾಲಿ ಮಾಡಿ ತಿಂಗಳುಗಟ್ಟಲೆ ಹೊರಗಿರಬೇಕಾ? ಈ ಕಾಲಿಟ್ಕೊಂಡು ಇವಳನ್ನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ?"

ಮಾತಿನಲ್ಲಿ ತಪ್ಪಿರಲಿಲ್ಲ. ಬೆಳಿಗ್ಗೆಯಿಂದ ಪರದೆ ಮರೆಮಾಡಿ ಕುಳಿತ ಮನುಷ್ಯನ ಅಳತೆಯನ್ನು ತಾನು ಯಾವ ಧೈರ್ಯದ ಮೇಲೆ ನಂಬಿದೆ ಎಂದು ಅವಳಿಗೂ ಅನ್ನಿಸಿತು. ಅಕ್ಕನ ಕಡೆ ತಿರುಗಿದಳು.

"ಅಕ್ಕ, ನೀನು ನೋಡಿದ್ಯಾ ಆ ಬಿರುಕನ್ನ?"

ಅಕ್ಕ ಮಡಚಿದ್ದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. "ನನ್ನನ್ಯಾಕೆ ಮಧ್ಯೆ ಎಳೀತೀಯ? ಕಾಫಿ ಕುಡೀತೀಯಾ?"

ಹುಟ್ಟಿದಾಗಿನಿಂದ ಬಲ್ಲ ಮುಖ. ಅದನ್ನೂ ಈಗ ಬೇರೆಯವರ ಪರದೆಯಂತೆ ಇಣುಕಿ ನೋಡಬೇಕಾಯಿತಲ್ಲ ಎನ್ನಿಸಿ ಅವಳು ಎದ್ದಳು.

ಕೆಳಗೆ ಗಾಡಿಗಳ ನಡುವೆ ಮಕ್ಕಳು ಚೆಂಡಾಡುತ್ತಿದ್ದರು. ಮೂಲೆಯ ಕಂಬ ಎಲ್ಲ ಕಂಬಗಳಷ್ಟೇ ನುಣ್ಣಗೆ, ತಿಳಿ ಹಳದಿಯಾಗಿ ನಿಂತಿತ್ತು. ಅವಳು ಚೀಲದಿಂದ ಬೀಗದಕೈ ತೆಗೆದು ಕೆರೆದಳು. ಬಣ್ಣ ಸಿಪ್ಪೆಯಂತೆ ಎದ್ದಿತು. ಅದರಡಿಯ ಗಾರೆ ಬಿಸ್ಕತ್ತಿನಂತೆ ಉದುರಿತು. ಆಟ ನಿಲ್ಲಿಸಿದ ಮಕ್ಕಳು ಸುತ್ತ ನೆರೆದರು. ಯಾರೋ ಮೇಲಿನಿಂದ ಬಗ್ಗಿ, "ಯಾರದು, ಏನು ಮಾಡ್ತಿದ್ದೀರಿ?" ಎಂದರು. ಎರಡನೇ ಮಹಡಿಯವರು ಇಳಿದು ಬಂದು ಸ್ವಲ್ಪ ದೂರದಲ್ಲೇ ಕೈಕಟ್ಟಿ ನಿಂತರು. ಅವಳು ಅವರ ಕಡೆ ನೋಡಲಿಲ್ಲ, ಕೆರೆಯುತ್ತಾ ಹೋದಳು. ಕಂಬದ ಎದೆಯ ಎತ್ತರದಿಂದ ಬುಡದ ಕಡೆಗೆ ಓರೆಯಾಗಿ ಒಂದು ಕಪ್ಪು ಗೆರೆ ತೆರೆದುಕೊಂಡಿತು.

ಲಿಫ್ಟಿನ ಬಾಗಿಲು ಸರಿಯಿತು. ಮೊದಲು ಭಾವನ ದನಿ ಬಂತು: "ಬೇಡ, ನೀನು ಯಾಕೆ ಬರ್ತೀಯ, ಕಾಲು ನೋವು..." ಅದರ ಹಿಂದೆ ಕೋಲಿನ ಸದ್ದು. ಮಕ್ಕಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಕೋಲನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯ ಕಿರುಬೆರಳನ್ನು ಆ ಗೆರೆಯ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಬೆರಳು ಮೊದಲ ಗೆಣ್ಣಿನವರೆಗೂ ಒಳಗೆ ಹೋಯಿತು. ಅದನ್ನು ಹೊರಗೆ ತೆಗೆಯದೆ ಅವಳು ಹಾಗೆಯೇ ನಿಂತಳು.