ಎರಡನೆಯ ಸಲ ಬಂದವಳು

"ಒಮ್ಮೆ ರಕ್ತ ತಗೊಂಡು ಹೋಗೀರಿ. ಮತ್ಯಾಕ ಬಂದೀರಿ?" ಭಾಗಮ್ಮ ಹೊಸ್ತಿಲಲ್ಲೇ ನಿಂತು ಕೇಳಿದಳು. ಒಳಗೆ ಬಾ ಎನ್ನಲಿಲ್ಲ.

"ಮಲ್ಲಿಕಾನ ಜೊತಿ ಮಾತಾಡೂದದರಿ, ಅಮ್ಮಾ. ಅಕಿ ಒಬ್ಬಾಕಿನ ಜೊತಿ," ಎಂದಳು ಅಲ್ಫಿಯಾ.

"ನನ್ನ ಮುಂದ ಹೇಳಲಾರದ್ದು ಏನದ? ಯಾರ್ ಕಳ್ಸ್ಯಾರ ನಿಮಗ? ನನ್ನ ತಮ್ಮಗ ಹೆಣ್ಣು ಕೊಡ್ಲಾಕ ಭಾಳ ಮಂದಿ ಕಾಯ್ಕೊಂಡು ಕುಂತಾರ, ನನಗ ಗೊತ್ತದ."

ಅಲ್ಫಿಯಾ ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ. ದೀಪಾವಳಿಯ ಹೊತ್ತಿಗೆ ಕಮಲಾಪುರದ ಮನೆಮನೆಗೆ ಬಂದು ರಕ್ತದ ಮಾದರಿ ಪಡೆದಿದ್ದಳು. ಆಗ ಇದೇ ಭಾಗಮ್ಮ ಚಹಾ ಕೊಟ್ಟು, ಮಗಳು ಮಲ್ಲಿಕಾಳನ್ನೂ ತಮ್ಮ ಯಶವಂತನನ್ನೂ ಜೋಡಿಯಾಗಿ ಕೂರಿಸಿ, "ಯುಗಾದಿ ಆದಮ್ಯಾಲ ಇವರಿಬ್ಬರ ಲಗ್ನ" ಎಂದು ನಕ್ಕಿದ್ದಳು. ಈಗ ಇಬ್ಬರ ರಕ್ತದಲ್ಲೂ ಥಲಸ್ಸೇಮಿಯಾ ಎಂಬ ವಂಶಪಾರಂಪರ್ಯ ರಕ್ತರೋಗದ ಗುಣ ಕಂಡಿತ್ತು. ಅದರಿಂದ ಅವರಿಗೇನೂ ತೊಂದರೆಯಿಲ್ಲ. ಆದರೆ ಇಬ್ಬರೂ ಕೂಡಿದರೆ, ಹುಟ್ಟುವ ಮಗು ಬದುಕಿಡೀ ಬೇರೆಯವರ ರಕ್ತಕ್ಕೆ ಕೈಯೊಡ್ಡಬೇಕಾಗಬಹುದು.

"ಹೆಸರು ಹೊರಗ ಬಿಡೂದಿಲ್ಲಂತ ಮಾತು ಕೊಟ್ಟೀವಿ," ಎಂದಿದ್ದರು ಅವಳ ಮಾರ್ಗದರ್ಶಿ ವಿವೇಕಾನಂದ. "ಒಂದು ಲಗ್ನ ಮುರೀತಂದ್ರ ನಾಳೆ ಯಾರೂ ನಮಗ ಬಾಗಿಲಾ ತೆಗಿಯೂದಿಲ್ಲ." ಆ ಮಾತು ಸುಳ್ಳಲ್ಲ ಎಂಬುದೇ ಅಲ್ಫಿಯಾಳ ಸಂಕಟ. ಕೊನೆಗೆ ಅವರಿಗೆ ತಿಳಿಸದೆ ಬಸ್ಸು ಹತ್ತಿದ್ದಳು.

ಒಳಗಿನಿಂದ ಮಲ್ಲಿಕಾ ಬಂದಳು. "ರಕ್ತ ನಂದಲ್ಲೇನವ್ವಾ? ನಾ ಕೇಳ್ತೀನಿ ಬಿಡು," ಎಂದು ಅಲ್ಫಿಯಾಳನ್ನು ಹಿತ್ತಲಿಗೆ ಕರೆದೊಯ್ದಳು.

ಅಲ್ಫಿಯಾ ಮಲ್ಲಿಕಾಳ ರಕ್ತದ ವಿಷಯವನ್ನಷ್ಟೇ ಹೇಳಿದಳು.

"ಮಾಮಾಗೂ ಅದನಾ?"

"ಅದು ಅವರ ವಿಷಯ, ನಾ ಹೇಳೂ ಹಂಗಿಲ್ಲ. ಲಗ್ನಕ್ಕ ಮುಂಚೆ ಅವರೂ ತಪಾಸಣಿ ಮಾಡಿಸ್ಕೊಳ್ಳಲಿ."

"ಅವನಿಗಿಲ್ಲಾಂದಿದ್ರ ನೀವು ಇಷ್ಟು ದೂರ ಬರ್ತಿದ್ರೇನು?" ಮಲ್ಲಿಕಾಳ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. "ನೀವು ಹೇಳೂದು ಖರೆ ಅಂತ ಹೆಂಗ ನಂಬಲಿ?"

"ನಂಬಬ್ಯಾಡ, ತಂಗಿ. ಬ್ಯಾರೆ ಕಡೆ ತೋರಿಸು."

ತಪಾಸಣೆಗೆಂದು ಮಲ್ಲಿಕಾ ಬ್ಯಾಗು ತೆಗೆದುಕೊಂಡು ಕಲಬುರಗಿಗೆ ಹೊರಟಾಗ, ಹಿತ್ತಲ ಮಾತಿಗೆ ಕಿವಿಗೊಟ್ಟಿದ್ದ ಭಾಗಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮನಿ ಹೆಸರು ಕೆಡಿಸ್ಲಾಕ ಬಂದಾಳ ಇಕಿ. ನಾನೂ ಸೋದರಮಾವನ್ನೇ ಮಾಡ್ಕೊಂಡೀನಿ. ನನಗೇನಾಗ್ಯಾದ?"

"ಮತ್ತ ಅಣ್ಣ ಯಾಕ ಉಳೀಲಿಲ್ಲವ್ವಾ?"

ಹಾಲುಗಲ್ಲ ಬಿಳಿಚಿಕೊಂಡು, ನಡೆಯುವುದನ್ನು ಕಲಿತು ಮತ್ತೆ ಮರೆತಿದ್ದ ಚೊಚ್ಚಲ ಮಗನ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಭಾಗಮ್ಮ ಚೌಕಟ್ಟು ಹಿಡಿದಿದ್ದ ಕೈ ಬಿಟ್ಟಳು.

ಬಸ್ಸಿನಲ್ಲಿ ಮಲ್ಲಿಕಾ ಅಲ್ಫಿಯಾಳ ಪಕ್ಕ ಕೂರಲಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಯಶವಂತನಿಗೆ ಫೋನು ಮಾಡಿ, "ಮಾಮಾ, ಸ್ಟ್ಯಾಂಡಿಗೆ ಬಾ," ಎಂದಳು, ಅಷ್ಟೇ.

ಕಲಬುರಗಿಯಲ್ಲಿ ಇಳಿದಾಗ ಅವನು ನಗುತ್ತಾ ನಿಂತಿದ್ದ. ಕೈಯಲ್ಲಿ ಹೂವಿನ ಪೊಟ್ಟಣ. ಅಲ್ಫಿಯಾ ಹಿಂದೆಯೇ ಉಳಿದಳು. ಮಲ್ಲಿಕಾ ಪೊಟ್ಟಣ ಇಸಿದುಕೊಂಡಳು. ಮುಡಿಯಲಿಲ್ಲ. ಬಿಸಿಲು ತಾಗದಂತೆ ಅದನ್ನು ದುಪಟ್ಟಾದ ಮರೆಯಲ್ಲಿ ಹಿಡಿದುಕೊಂಡು ಅವನ ಜೊತೆ ಆಸ್ಪತ್ರೆಯ ಕಡೆ ನಡೆದಳು.