ತಮ್ಮನ ಕಾಲಿನ ಅಳತೆ

ಲಾರಿ ಗುದ್ದಿ ಟೈಲರನ ಎರಡೂ ಮೊಣಕಾಲ ಕೆಳಗಿನ ಮೂಳೆಗಳು ಪುಡಿಪುಡಿಯಾಗಿದ್ದವು. ಮೂಳೆಯೊಳಗೆ ಲೋಹದ ಸರಳು ತೂರಿಸಬೇಕು ಎಂದರು ಡಾಕ್ಟರು. ಸರಳಿನ ಉದ್ದಕ್ಕೆ ಮುರಿಯದ ಇನ್ನೊಂದು ಕಾಲನ್ನು ಅಳೆಯುತ್ತಾರಂತೆ; ಇವನಿಗೆ ಮುರಿಯದ ಕಾಲೇ ಇರಲಿಲ್ಲ.

"ನನ್ನ ತಮ್ಮನ ಕಾಲು ಅಳೀರಿ," ಎಂದ ಟೈಲರ್. "ಅವಳಿ ನಾವು. ಅವನ ಪ್ಯಾಂಟನ್ನ ನನ್ನ ಅಳತೆಗೇ ಹೊಲೀತಿದ್ದೆ. ಅದಲುಬದಲಾಗದಿರಲಿ ಅಂತ ಅವನದಕ್ಕೆ ಒಳಗಡೆ ಹಸಿರು ದಾರ ಹಾಕ್ತಿದ್ದೆ, ಅಷ್ಟೇ."

ಅದೆಲ್ಲ ಹನ್ನೊಂದು ವರ್ಷದ ಹಿಂದಿನ ಮಾತು. ಯಾವುದೋ ಮದುವೆಮನೆಯಲ್ಲಿ ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡಿದ್ದರು. ಏನು ಮಾತೆಂದು ಇವನಿಗೆ ಈಗ ನೆನಪೂ ಇಲ್ಲ, ಹಟ ಮಾತ್ರ ಹಾಗೇ ಇದೆ!

ಹೆಂಡತಿ ಫೋನ್ ಮಾಡಿದಳು. ತಮ್ಮ ಬಂದ, ಎಕ್ಸ್‌ರೇ ಕೋಣೆಯಲ್ಲಿ ಕಾಲು ಚಾಚಿ ಅಳತೆ ಕೊಟ್ಟ, ಅಣ್ಣನಿದ್ದ ವಾರ್ಡಿನ ಕಡೆ ತಲೆಯನ್ನೂ ಹಾಕದೆ ಹೊರಟುಹೋದ.

ಆಪರೇಷನ್ ಆದ ಮೇಲೆ ಟೈಲರ್ ಎಕ್ಸ್‌ರೇ ತೆಗೆಯುವವನನ್ನು ಹಿಡಿದು ಕೇಳಿದ: "ನನ್ನ ತಮ್ಮ ಏನಾದ್ರೂ ಅಂದ್ನಾ?"

"ಏನೂ ಇಲ್ಲಪ್ಪ. ಪ್ಯಾಂಟ್ ಬಿಚ್ಚಿಡಿ ಅಂದೆ. ಎರಡು ತೇಪೆ ಹಾಕಿದ ಹಳೇ ಪ್ಯಾಂಟು, ಒಳಗೆಲ್ಲ ಹಸಿರು ಹೊಲಿಗೆ. ಮಗು ಮಲಗಿಸೋ ಹಾಗೆ ಮಡಿಚಿಟ್ಟ."

ಟೈಲರ್ ಗೋಡೆಯತ್ತ ಮುಖ ಮಾಡಿದ.

ಈಗ ಅಂಗಡಿಯಲ್ಲಿ ಅವನ ಊರುಗೋಲಿನ ಪಕ್ಕ ಒಂದು ಹೊಸ ಪ್ಯಾಂಟು ನೇತಾಡುತ್ತಿದೆ. ಗಿರಾಕಿಗಳು ಕೈ ಹಾಕಿದರೆ ಸಿಡುಕುತ್ತಾನೆ:

"ಮುಟ್ಬೇಡಿ. ಅಳತೆ ಕೊಟ್ಟೋನು ಬರ್ತಾನೆ."