ಬಿರುಕಿನಲ್ಲಿ ಬಂದ ಗ್ರಹಣ

ಜಯನಗರದ ಹಳೆಯ ಮನೆಗೆ ಹೊಸ ಕೋಣೆ ಸೇರಿಸಿ ವರ್ಷ ತುಂಬುವುದರೊಳಗೆ ಹಳೆಯ ಗೋಡೆಯೂ ಹೊಸ ಗೋಡೆಯೂ ಕೂಡುವ ಕಡೆ ಬಿರುಕು ಬಿಟ್ಟಿತ್ತು. ಕೋಣೆ ಕಳಚಿಕೊಂಡು ಬಿದ್ದೀತೆಂಬ ಭಯಕ್ಕೆ ಕಾತ್ಯಾಯಿನಿ ಅಲ್ಲಿ ಮಲಗುವುದನ್ನೇ ಬಿಟ್ಟಿದ್ದಳು.

ಎಂಬತ್ತರ ಫೆಬ್ರವರಿಯ ಸೂರ್ಯಗ್ರಹಣದ ಮಧ್ಯಾಹ್ನ ಬೀದಿಯ ಮನೆಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಅವಳೂ ಆ ಕೋಣೆಯ ಕಿಟಕಿ ಮುಚ್ಚಿ ತಿರುಗಿದಳು. ಬಿರುಕಿನ ಒಂದು ಸಣ್ಣ ತೂತಿನಿಂದ ನುಸುಳಿದ ಬಿಸಿಲು ಕೆಂಪು ನೆಲದ ಮೇಲೆ ಬಿದ್ದಿತ್ತು. ಗುಡಿಸುವಾಗ ದಿನವೂ ದುಂಡಗೆ ಕಾಣುತ್ತಿದ್ದ ಆ ಬೆಳಕು ಈಗ ಬಿದಿಗೆಯ ಚಂದ್ರನಂತೆ ಬಾಗಿತ್ತು.

“ರೀ, ಬೇಗ ಬನ್ನಿ! ಸೂರ್ಯ ನಮ್ಮನೇಲೇ ಇದಾನೆ!”

ಓಡಿಬಂದ ಗಂಡ ಸೇತುರಾಮ ಹೊಸ್ತಿಲಲ್ಲೇ ನಿಂತುಬಿಟ್ಟ. “ತುಳೀಬೇಡ ಕಣೇ,” ಎಂದು ಪಿಸುಗುಟ್ಟಿದ.

ಬೆಳಕು ಮತ್ತೆ ದುಂಡಗಾಗುವವರೆಗೂ ಇಬ್ಬರೂ ಬಿರುಕು ಬಿಟ್ಟ ಆ ಗೋಡೆಗೇ ಒರಗಿ ಕೂತಿದ್ದರು.